ನೈರೋಬಿಯ ಮನೆಗೆ ನಿಟ್ಟೆಯ ಜಾಮೀನು

ಅದು ಸುರುವಾದದ್ದು ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಸೆಪ್ಟೆಂಬರಿನಲ್ಲಿ ಮೇರಿ ಮಾತೆಯ ಮೊಂತಿ ಹಬ್ಬದ ಹೊಸ ಅಕ್ಕಿಯ ಊಟ ಆದ ಮುಂದಿನ ವಾರ, ಬೆಳಿಗ್ಗೆ ಹೂ ಕಟ್ಟಿ ಮುಗಿಯುವ ಹೊತ್ತಿಗೆ. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಶಂಕರಪುರದ ತೆರೆಸಾಬಾಯಿಯ ಜಗಲಿಯಲ್ಲಿ ಒದ್ದೆ ಬಾಳೆನಾರಿನ ವಾಸನೆಯೂ ಮಲ್ಲಿಗೆಯ ವಾಸನೆಯೂ ಕೂಡಿಕೊಂಡಿದ್ದವು. ಉಡುಪಿಗೆ ಹೂ ಒಯ್ಯುವವನು ಬಂದು ಹೋಗಿದ್ದ. ಅವನ ಬೆನ್ನಿಗೇ ಅಂಚೆಯವನು ಬಂದ. ನೀಲಿ ಕಾಗದ, ನೈರೋಬಿಯದು.

ನನ್ನ ಮನೆ ಅವರ ಹಿತ್ತಿಲಿನ ಆಚೆ. ಕಾಗದ ಬಂದಾಗಲೆಲ್ಲ ನನ್ನನ್ನು ಕರೆಯುವುದು ಕ್ರಮ. ನನಗೆ ಓದು ಬರುತ್ತದೆಂದಲ್ಲ. ಎರಡನೆಯ ಕ್ಲಾಸಿಗೇ ನಾನು ಶಾಲೆ ಬಿಟ್ಟವ. ನಾನು ರೈಬಾರಿ. ರೈಬಾರಿ ಎಂದರೆ ನಮ್ಮ ಕ್ರಿಸ್ತುವರಲ್ಲಿ ಹೆಣ್ಣಿನ ಮನೆಗೂ ಗಂಡಿನ ಮನೆಗೂ ನಡುವೆ ಓಡಾಡಿ ಮದುವೆ ಕುದುರಿಸುವವನು. ತೆರೆಸಾಬಾಯಿಯ ದೊಡ್ಡ ಮಗ ಫೌಸ್ಟಿನ್‌ಗೆ ಅಲೆವೂರಿನ ಜೆರ್ಟ್ರೂಡ್‌ಳನ್ನು ತಂದದ್ದು ನಾನೇ. ಮದುವೆಯಾದ ಮೇಲೆ ಗಂಡ ಹೆಂಡತಿ ಒಟ್ಟಿಗೆ ಕಂಡದ್ದು ಒಂದೇ ಮಳೆಗಾಲ. ಆಮೇಲೆ ಅವನು ನೈರೋಬಿಯ ರೈಲ್ವೆಯ ಗುಮಾಸ್ತೆ ಕೆಲಸಕ್ಕೆ ಮರಳಿದ. ಮಗು ಹುಟ್ಟಿದ್ದು ಅವನು ಹೋದ ನಂತರ. ಈಗ ಅದು ಅಂಗಳದಲ್ಲೆಲ್ಲ ಓಡಾಡುತ್ತಿತ್ತು, ಗೋಡೆಯ ಮೇಲಿನ ಫೋಟೋವನ್ನು "ಪಪ್ಪಾ" ಎಂದು ಕರೆಯುತ್ತಿತ್ತು. ರೈಲ್ವೆಯವರು ಒಂಟಿ ಗಂಡಸರಿಗೆ ಒಂದು ಕೋಣೆ ಕೊಡುತ್ತಿದ್ದರೇ ಹೊರತು ಸಂಸಾರಕ್ಕೆ ಜಾಗ ಕೊಡುತ್ತಿರಲಿಲ್ಲ. ಮನೆ ಆದ ಕೂಡಲೇ ಕರೆಸುತ್ತೇನೆ ಎಂದು ಫೌಸ್ಟಿನ್ ಪ್ರತಿ ಕಾಗದದಲ್ಲೂ ಬರೆಯುತ್ತಿದ್ದ. ಕೂಡಿಸಿದ ಜೋಡಿ ಹೀಗೆ ಸಮುದ್ರದ ಎರಡು ದಡದಲ್ಲಿ ಇದ್ದರೆ ರೈಬಾರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಮದುವೆಯ ಕೆಲಸ ಅರ್ಧಕ್ಕೇ ನಿಂತ ಹಾಗೆ.

ಜೆರ್ಟ್ರೂಡ್ ಕಾಗದವನ್ನು ಒಮ್ಮೆ ಬೇಗ ಓದಿದಳು. ಆಮೇಲೆ ನಿಧಾನಕ್ಕೆ, ನಮಗೆ ತಿಳಿಯುವಂತೆ ಮತ್ತೊಮ್ಮೆ ಓದಿದಳು.

ಅಲ್ಲಿ ಒಂದು ಮನೆ ಮಾರಾಟಕ್ಕೆ ಬಂದಿದೆಯಂತೆ. ಕಲ್ಲಿನ ಗೋಡೆ, ಮೂರು ಕೋಣೆ, ಹಿಂದೆ ಬಟ್ಟೆ ಒಣಗಿಸುವಷ್ಟು ಅಂಗಳ. ಮಾರುವವನು ಗೋವೆಯವನು, ಊರಿಗೆ ಮರಳುತ್ತಿದ್ದಾನೆ. ಪೂರ್ತಿ ಹಣ ಫೌಸ್ಟಿನ್‌ನಲ್ಲಿ ಇಲ್ಲ. ಆದರೆ ಮನೆ ಕೊಳ್ಳುವವರಿಗೆ ಸಾಲ ಕೊಡುವ ಸೊಸೈಟಿಯೊಂದು ಅಲ್ಲಿ ಉಂಟು. ಇವನು ಮೊದಲ ಪಾಲು ಕಟ್ಟಿದರೆ ಉಳಿದದ್ದನ್ನು ಅವರೇ ಮಾರುವವನಿಗೆ ಕೊಡುತ್ತಾರೆ. ಮನೆಯ ಪತ್ರ ಅವರ ಪೆಟ್ಟಿಗೆಯಲ್ಲಿ ಇರುತ್ತದೆ. ಇವನು ಮನೆಯೊಳಗೆ ಸಂಸಾರ ಹೂಡಿ ಇಪ್ಪತ್ತು ವರ್ಷ ತಿಂಗಳು ತಿಂಗಳು ಕಟ್ಟುತ್ತಾ ಹೋಗಬೇಕು. ತಪ್ಪಿದರೆ ಮನೆ ಅವರದು.

ತೆರೆಸಾಬಾಯಿ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ನಮ್ಮದಾಗದ ಮನೆಯನ್ನು ಅಡವಿಡುವುದು ಎಂತ ಕ್ರಮ ಬ್ಯಾಪ್ಟಿಸ್ಟ್? ಹೆರುವ ಮೊದಲೇ ತೊಟ್ಟಿಲು ಅಡವಿಟ್ಟ ಹಾಗೆ ಆಯ್ತು."

ನಮಗೆ ಅಡವು ಗೊತ್ತಿಲ್ಲದ್ದಲ್ಲ. ಬಳೆ ಅಡವಿಡುತ್ತೇವೆ, ತೆಂಗಿನ ತೋಟ ಅಡವಿಡುತ್ತೇವೆ. ಆದರೆ ವಸ್ತು ಮೊದಲು ನಮ್ಮದು, ಕಷ್ಟ ಬಂದಾಗ ಅಡವು. ಇಲ್ಲಿ ಅಡವಿಟ್ಟ ಮೇಲೆಯೇ ವಸ್ತು ಕೈಗೆ ಬರುವುದು. ನನ್ನ ಕೆಲಸದಲ್ಲಿಯೂ ಹಾಗೆಯೇ ಅಲ್ಲವೇ ಎಂದು ಕಂಡಿತು. ಹುಡುಗಿ ಇನ್ನೂ ಮನೆಗೆ ಬಂದಿರುವುದಿಲ್ಲ, ಬರೀ ಮಾತಿನ ಮೇಲೆ ಚಪ್ಪರ ಏಳುತ್ತದೆ. ಅದನ್ನೇ ಹೇಳಿದೆ. ತೆರೆಸಾಬಾಯಿಗೆ ಸಮಾಧಾನವಾಗಲಿಲ್ಲ. ಚಪ್ಪರ ಬಿದ್ದರೆ ಬಿದಿರು ಹೋದೀತು, ಇದು ಬಿದ್ದರೆ ಮಗನೇ ಹೋಗುತ್ತಾನೆ ಎಂದಳು.

ಕಾಗದದ ಕೊನೆಯಲ್ಲಿ ನಿಜವಾದ ಕಷ್ಟ ಇತ್ತು. ಸೊಸೈಟಿಯವರಿಗೆ ಒಬ್ಬ ಜಾಮೀನುದಾರ ಬೇಕು, ಅಲ್ಲಿಯೇ ಸಂಬಳ ಬರುವವನು. ಫೌಸ್ಟಿನ್ ಕಟ್ಟದಿದ್ದರೆ ಅವನು ಕಟ್ಟಬೇಕು. ಅಲ್ಲಿ ಅಷ್ಟು ಹತ್ತಿರದವನು ಒಬ್ಬನೇ, ನಿಟ್ಟೆಯ ಅಲೆಕ್ಸಾಂಡರ್. ಅವನಿಗೆ ಮನಸ್ಸು ಉಂಟು. ಆದರೆ ಊರಿನಿಂದ ಅಪ್ಪನ ಮಾತು ಬಾರದೆ ಸಹಿ ಹಾಕಲಾರೆ ಎಂದಿದ್ದಾನೆ. ಆಗ ಹೀಗೆಯೇ ಇತ್ತು. ಮಕ್ಕಳು ಆಫ್ರಿಕಾದಲ್ಲಿ ಸಹಿ ಹಾಕಬೇಕಾದರೂ ಒಪ್ಪಿಗೆ ಇಲ್ಲಿನ ಜಗಲಿಯಲ್ಲೇ ಆಗಬೇಕು. ಮಾರುವವನು ಕ್ರಿಸ್ಮಸಿಗೆ ಮೊದಲಿನ ಅಡ್ವೆಂಟ್ ಕಾಲ ಸುರುವಾಗುವ ತನಕ ಕಾಯುತ್ತಾನೆ. ಆಮೇಲೆ ಅವನ ಹಡಗು.

ಅಲೆಕ್ಸಾಂಡರನ ಅಪ್ಪ ಇಮ್ಯಾನುಯೆಲ್ ಪೊರ್ಬುಗಳ ವಿಷಯ ಕಾರ್ಕಳದ ಕಡೆಯ ಎಲ್ಲರಿಗೂ ಗೊತ್ತು. ನಮ್ಮ ಕ್ರಿಸ್ತುವ ಗಂಡಸರನ್ನು ಊರಿನವರು ಮರ್ಯಾದೆಗೆ ಪೊರ್ಬುಗಳು ಎನ್ನುವುದು. ಹಿಂದೊಮ್ಮೆ ಅವರು ತಮ್ಮ ದಾಯಾದಿಯೊಬ್ಬ ಲಾರಿ ಕೊಂಡಾಗ ಜಾಮೀನು ನಿಂತಿದ್ದರು. ದಾಯಾದಿ ಘಟ್ಟದ ಮೇಲೆ ಹೋದವನು ತಿರುಗಿ ಬರಲಿಲ್ಲ. ಪೊರ್ಬುಗಳ ತೋಡಿನ ಬದಿಯ ಗದ್ದೆ ಹೋಯಿತು. ಅಂದಿನಿಂದ ಈ ಮನೆಯವರು ಯಾರಿಗೂ ಜಾಮೀನು ನಿಲ್ಲಬಾರದು ಎಂದು ಅವರು ಇಗರ್ಜಿಯ ಎದುರೇ ಹೇಳಿದ್ದರು. ಈಗ ಬೇರೆಯವರ ಮಗುವಿನ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿಯೂ ನಿಲ್ಲುವುದಿಲ್ಲ, ಅದೂ ಒಂದು ಜಾಮೀನೇ ಎನ್ನುತ್ತಾರೆ ಎಂದು ಜನ ನಗಾಡುವುದಿತ್ತು.

ಜೆರ್ಟ್ರೂಡ್ ಕಾಗದ ಮಡಚಿದಳು. ಮಗು ಅವಳ ಸೆರಗು ಎಳೆಯುತ್ತಿತ್ತು. ಅವಳು ನನ್ನನ್ನು ಬಾಪ್ಪು ಎನ್ನುವುದು, ಚಿಕ್ಕಪ್ಪ ಎನ್ನುವ ಸಲುಗೆಯಲ್ಲಿ.

"ಬಾಪ್ಪು, ನೀವು ನಿಟ್ಟೆಗೆ ಹೋಗಿ ಬರ್ತೀರಾ? ನಿಮ್ಮ ಮಾತಿಗೆ ಎಷ್ಟು ಅಪ್ಪಂದಿರು ಒಪ್ಪಿದ್ದಾರೆ."

ಅವರೆಲ್ಲ ಮಗಳನ್ನು ಕೊಡಲು ಒಪ್ಪಿದವರು, ಇದು ಬೇರೆ ಎಂದೆ. ಆದರೂ ಮರುದಿನ ಪೆಟ್ಟಿಗೆಯಿಂದ ಕರಿ ಕೋಟು ತೆಗೆದೆ. ದೊಡ್ಡವರ ಮನೆಗೆ ಮಾತಿಗೆ ಹೋಗುವಾಗ ಹಾಕಲು ನನ್ನಲ್ಲಿ ಇದ್ದದ್ದು ಅದೊಂದೇ.

ಕಾಪುವಿನ ಬಸ್ಸು ನಿಲ್ಲುವಲ್ಲಿ ಶೇಕಬ್ಬ ಸಿಕ್ಕಿದ. ಶಂಕರಪುರದ ಪೇಟೆಯಲ್ಲಿ ಅವನ ಅಂಗಡಿ. ನಾವೆಲ್ಲ ಅವನಲ್ಲಿಯೇ ಸಾಮಾನು ತರುವುದು. ವಾರಕ್ಕೊಮ್ಮೆ ಕಾಪುವಿನ ಕಡಲ ಬದಿಯಿಂದ ಒಣಮೀನು ಕಟ್ಟಿಸಿ ಕಾರ್ಕಳದ ಕಡೆಗೂ ಒಯ್ಯುತ್ತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂತ ಪೊರ್ಬುಗಳೇ, ಕರಿ ಕೋಟು ಹೊರಗೆ ಬಂದಿದೆ. ಎಲ್ಲಿಗೆ ಸವಾರಿ?"

"ನಿಟ್ಟೆಗೆ. ಇಮ್ಯಾನುಯೆಲ್ ಪೊರ್ಬುಗಳಲ್ಲಿಗೆ."

"ಓ," ಎಂದ ಶೇಕಬ್ಬ. ಗಡ್ಡದೊಳಗೇ ನಕ್ಕು ಸುಮ್ಮನಾದ. ರೈಬಾರಿಯಲ್ಲಿ ದಾರಿ ಬದಿಯಲ್ಲಿ ಹೆಚ್ಚು ಕೇಳಬಾರದೆಂದು ಅವನಿಗೂ ಗೊತ್ತು. ನನಗೆ ನನ್ನದೇ ಚಿಂತೆ. ಅವನ ನಗುವನ್ನು ನಾನು ಹಿಡಿಯಲಿಲ್ಲ. ಪಡುಬಿದ್ರೆಯಲ್ಲಿ ಬಸ್ಸು ಬದಲಿಸುವಾಗ ಕಾರ್ಕಳದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಶೇಕಬ್ಬ ಬುಟ್ಟಿಗಳ ಜೊತೆ ಹೇಗೋ ಹತ್ತಿದ. ನಾನು ಮುಂದಿನ ಬಸ್ಸಿಗೆ ಕಾದೆ. ಮರದ ಕೆಳಗೆ ನಿಂತು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದೆ, ಬಿಚ್ಚಿದೆ, ಮತ್ತೆ ಜೋಡಿಸಿದೆ. ಯಾವ ಕಡೆಯಿಂದ ಹಿಡಿದರೂ ಅದರ ನಡುವೆ ಜಾಮೀನು ಎಂಬ ಮಾತು ಬಂದೇ ಬರುತ್ತಿತ್ತು.

ನಿಟ್ಟೆಯಲ್ಲಿ ಇಳಿದು ಗುಡ್ಡೆಯ ದಾರಿಯಲ್ಲಿ ನಡೆದು ಅವರ ಅಂಗಳಕ್ಕೆ ಕಾಲಿಟ್ಟಾಗ ಏನೋ ಸರಿಯಿಲ್ಲ ಎಂದು ಕಂಡಿತು. ಅಂಗಳಕ್ಕೆ ಸೆಗಣಿ ಸಾರಿಸಿ ಇನ್ನೂ ಹಸಿಯಿತ್ತು. ಹಿತ್ತಿಲಿನ ಬದಿಯಲ್ಲಿ ಕೋಳಿಯ ಪುಕ್ಕ ಹಾರುತ್ತಿತ್ತು. ಇಮ್ಯಾನುಯೆಲ್ ಪೊರ್ಬುಗಳು ಇಸ್ತ್ರಿ ಮಾಡಿದ ಅಂಗಿಯಲ್ಲಿ ಜಗಲಿಯಲ್ಲಿ ನಿಂತಿದ್ದರು. ಎತ್ತರದ ಮನುಷ್ಯ, ಬಡಕಲು, ಕಣ್ಣು ಮಾತ್ರ ಚೂಪು. ಅವರ ಪಕ್ಕದಲ್ಲಿ ಹೆಂಡತಿಯ ತಮ್ಮ ಲಿಯೋನೆಲ್, ಹತ್ತಿರದ ಮನೆಯವನು, ಓಡಿ ಬಂದು ಬೆವರು ಒರೆಸಿಕೊಳ್ಳುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಯಾವ ಮಾತಿಗೂ ಲಿಯೋನೆಲ್ ಇರಲೇಬೇಕು. ಒಳಗೆ ಇನ್ನೂ ಎರಡು ಮೂರು ಹೆಂಗಸರ ಸದ್ದು.

"ಬನ್ನಿ ಬನ್ನಿ. ಒಣಮೀನಿನ ಸಾಹೇಬರು ನೀವು ಬರುವುದನ್ನು ಹೇಳಿಯೇ ಹೋದರು," ಎಂದ ಲಿಯೋನೆಲ್.

ನನಗೆ ಆಗಲೂ ಪೂರ್ತಿ ತಿಳಿಯಲಿಲ್ಲ. ಹೊಸ್ತಿಲಿನಲ್ಲೇ ನಾನು, ಬಂದದ್ದು ಬೇರೊಂದು ವಿಷಯಕ್ಕೆ ಎಂದು ಬಾಯಿ ತೆರೆದೆ. ಲಿಯೋನೆಲ್ ನನ್ನ ಭುಜ ಹಿಡಿದು ಕೂರಿಸಿದ.

"ವಿಷಯ ಎಲ್ಲ ಊಟದ ಮೇಲೆ ಮಾರಾಯ್ರೇ. ಹಸಿದ ಬಾಯಿಯ ಮಾತು ನಿಲ್ಲುವುದಿಲ್ಲ ಅಂತ ನಿಮ್ಮ ರೈಬಾರಿಗಳೇ ಹೇಳುವುದಲ್ವಾ?"

ಅದು ಹೌದು. ಮನೆಗೆ ಬಂದ ರೈಬಾರಿಯಲ್ಲಿ ಯಾರಿಗಾಗಿ ಬಂದಿರಿ ಎಂದು ಊಟಕ್ಕೆ ಮೊದಲು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಎಲೆಯಡಿಕೆಯ ತಟ್ಟೆ ಎದುರಿಗೆ ಬಂದ ಮೇಲೆಯೇ ಮಾತು. ನಾನೇ ಎಷ್ಟೋ ಮನೆಗಳಲ್ಲಿ ಆ ಕ್ರಮ ಹಿಡಿದು ಕೂತವನು. ಈಗ ಅದೇ ನನ್ನ ಬಾಯಿ ಕಟ್ಟಿತು.

ಇಮ್ಯಾನುಯೆಲರ ಮಗಳು ಸೋಫಿಯಾ ಕುಡಿಯಲು ನೀರು ತಂದಳು. ಅವಳು ಊರಿನ ಶಾಲೆಯ ಟೀಚರ್. ಶಾಲೆಯಿರುವ ದಿನ, ನಡು ಮಧ್ಯಾಹ್ನ, ರೇಷ್ಮೆ ಸೀರೆ ಉಟ್ಟಿದ್ದಳು. ಆಗ ನನಗೆ ಹೊಳೆಯಿತು. ಇವರೆಲ್ಲ ನಾನು ಅವಳಿಗೆ ಗಂಡು ತಂದಿದ್ದೇನೆ ಎಂದುಕೊಂಡಿದ್ದಾರೆ.

ಆ ಹುಡುಗಿಗೆ ಜನ ಕೇಳುವ ವಯಸ್ಸು ದಾಟಿ ಬಹಳವಾಗಿತ್ತು. ಹಿಂದೆ ಸಂಬಂಧ ಬಂದದ್ದು ಉಂಟು. ಗದ್ದೆ ಹೋದ ಸುದ್ದಿ ಕೇಳಿ ಹೋದದ್ದೂ ಉಂಟು. ಆಮೇಲೆ ಯಾವ ರೈಬಾರಿಯೂ ಆ ಗುಡ್ಡೆ ಹತ್ತಿರಲಿಲ್ಲ. ಅಂಥ ಮನೆಗೆ ನಾನು ಕರಿ ಕೋಟು ಹಾಕಿಕೊಂಡು ಹೋಗಿ ಕೂತಿದ್ದೆ.

ಸಣ್ಣ ಎನ್ನುವ ನಮ್ಮ ಮೆತ್ತಗಿನ ಅಕ್ಕಿ ಇಡ್ಲಿ ಮಾಡಿದ್ದರು, ಕೋಳಿ ಸಾರು ಮಾಡಿದ್ದರು. ನಾನು ಒಂದೇ ಸಣ್ಣವನ್ನು ಮುರಿಯುತ್ತಾ ಕೂತೆ. ಲಿಯೋನೆಲ್ ಬಡಿಸು ಬಡಿಸು ಎನ್ನುತ್ತಿದ್ದ. ಇಮ್ಯಾನುಯೆಲ್ ಪೊರ್ಬುಗಳು ಹೆಚ್ಚು ಮಾತಾಡಲಿಲ್ಲ. ನನ್ನ ಎಲೆಗೆ ತಾವೇ ಒಂದು ತುಂಡು ಹಾಕಿದರು. ಅವರು ಇನ್ನೊಬ್ಬರ ಎಲೆಗೆ ಕೈಯಾರೆ ಬಡಿಸಿದ್ದನ್ನು ಕಂಡವರು ಕಡಿಮೆ ಎಂದು ಆಮೇಲೆ ಕೇಳಿದೆ.

ಎಲೆಯಡಿಕೆಯ ತಟ್ಟೆ ಬಂತು. ಎಲ್ಲರೂ ನನ್ನ ಬಾಯಿ ನೋಡತೊಡಗಿದರು. ಬಾಗಿಲಿನ ಹಿಂದೆ ಹೆಂಗಸರ ಸದ್ದು ನಿಂತಿತು. ಜಾಮೀನಿಗಾಗಿ ಬಂದೆ ಎಂದರೆ ಆ ಹುಡುಗಿಗೆ ನೆಂಟರ ಎದುರು ಅವಮಾನ. ಏನೂ ಹೇಳದೆ ಎದ್ದರೆ ಅಲ್ಲಿ ಜೆರ್ಟ್ರೂಡ್ ಕಾಯುತ್ತಿದ್ದಾಳೆ. ಯಾವುದಾದರೂ ಹುಡುಗನ ಹೆಸರು ಹೇಳಿ ಹೊತ್ತು ಕಳೆಯಬಹುದಿತ್ತು. ಹಾಗೆ ಮಾಡುವ ರೈಬಾರಿಗಳೂ ಇದ್ದರು. ನನಗೆ ಅದಕ್ಕೆ ಮನಸ್ಸು ಬರಲಿಲ್ಲ. ಕೈ ಇನ್ನೊಮ್ಮೆ ತೊಳೆದು ಬರುತ್ತೇನೆ ಎಂದು ಎದ್ದು ಹಿತ್ತಿಲಿನ ಬಾವಿಕಟ್ಟೆಗೆ ಹೋದೆ.

ಅಲ್ಲಿ ಸೋಫಿಯಾ ನೀರು ಸೇದುತ್ತಿದ್ದಳು. ಹಗ್ಗ ಬಿಡದೆ ಹೇಳಿದಳು:

"ನೀವು ನನ್ನ ಮುಖ ನೋಡಲೇ ಇಲ್ಲ. ಹೆಣ್ಣು ಕೇಳಲು ಬಂದವರು ಮೊದಲು ಹೆಣ್ಣಿನ ಮುಖ ನೋಡ್ತಾರೆ. ನೀವು ಊಟ ಮುಗಿಯುವ ತನಕ ಅಪ್ಪನ ಮುಖವನ್ನೇ ನೋಡ್ತಿದ್ರಿ. ಅಪ್ಪನಿಂದ ಎಂತ ಬೇಕು ನಿಮಗೆ?"

ಅವಳಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ ಎಂದು ಕಂಡಿತು. ಎಲ್ಲವನ್ನೂ ಹೇಳಿದೆ. ಫೌಸ್ಟಿನ್‌ನ ಮನೆ, ಸೊಸೈಟಿಯ ಸಾಲ, ಅವಳ ಅಣ್ಣನ ಸಹಿ, ಜೆರ್ಟ್ರೂಡ್, ಫೋಟೋವನ್ನು ಅಪ್ಪ ಎನ್ನುವ ಮಗು. ಅವಳು ಕೊಡಪಾನ ತುಂಬುತ್ತಾ ಕೇಳಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ, ಕಿವಿ ಮಾತ್ರ ಕೆಂಪಗಾಯಿತು. ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದಳು, ಆ ಮನೆಯಲ್ಲಿ ಕೋಣೆ ಎಷ್ಟು ಎಂದು.

ಮೂರು ಎಂದೆ. ಒಂದನ್ನು ಯಾರಾದರೂ ನಮ್ಮವರಿಗೆ ಬಾಡಿಗೆಗೆ ಕೊಟ್ಟರೆ ತಿಂಗಳಿನ ಕಂತಿಗೆ ಆಧಾರವಾಗುತ್ತದೆ ಎಂದು ಫೌಸ್ಟಿನ್ ಬರೆದಿದ್ದನ್ನೂ ಹೇಳಿದೆ.

ಸೋಫಿಯಾ ನನ್ನ ಕೈಗೆ ನೀರು ಹೊಯ್ದಳು. "ಒಳಗೆ ಬನ್ನಿ," ಎಂದಳು.

ಅವಳು ಜಗಲಿಯ ನಡುವೆ ನಿಂತು, ತರಗತಿಯಲ್ಲಿ ಪಾಠ ಹೇಳುವವರ ಹಾಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು. ಇವರು ನನ್ನನ್ನು ಕೇಳಲು ಬಂದದ್ದಲ್ಲ, ಯಾರೂ ಇವರನ್ನು ತಪ್ಪು ತಿಳಿಯಬಾರದು, ನಾವೇ ಕೇಳದೆ ಕೋಳಿ ಕೊಯ್ದದ್ದು ಎಂದಳು. ಲಿಯೋನೆಲ್ ಸುಣ್ಣ ಹಚ್ಚುತ್ತಿದ್ದ ಎಲೆ ಕೈಯಲ್ಲೇ ಉಳಿಯಿತು. ಆಮೇಲೆ ಅವಳು ಜಾಮೀನಿನ ವಿಷಯ ಹೇಳಿದಳು. ನೈರೋಬಿಯಲ್ಲಿ ಸಿಸ್ಟರ್‌ಗಳ ಶಾಲೆಯಲ್ಲಿ ಟೀಚರ್ ಕೆಲಸ ಉಂಟು, ಇರಲು ಸಂಸಾರಸ್ಥರ ಮನೆ ಸಿಕ್ಕಿದರೆ ನಿನ್ನನ್ನು ಕರೆಸಬಹುದಿತ್ತು ಎಂದು ಅಣ್ಣ ಎರಡು ವರ್ಷದಿಂದ ಬರೆಯುತ್ತಿದ್ದಾನೆ. ಆ ಮೂರನೆಯ ಕೋಣೆಯ ಬಾಡಿಗೆ ನಾನು ಕೊಡುತ್ತೇನೆ ಎಂದಳು.

ಇಮ್ಯಾನುಯೆಲ್ ಪೊರ್ಬುಗಳ ದನಿ ಏರಲಿಲ್ಲ. "ಆ ಮಾತು ಈ ಮನೆಯಲ್ಲಿ ಆಡಬಾರದು ಅಂತ ಹೇಳಿದ್ದೇನೆ. ಅದರಿಂದಲೇ ನಿನ್ನ ಮದುವೆ ಹೋಯಿತು."

"ಜಾಮೀನು ಹಾಕಿದ್ದಕ್ಕೆ ಗದ್ದೆ ಹೋಯಿತು," ಎಂದಳು ಸೋಫಿಯಾ. "ಹಾಕದೆ ಇದ್ದ ಇಷ್ಟು ವರ್ಷದಲ್ಲಿ ಎಂತ ಬಂತು ಅಪ್ಪಾ?"

ಪೊರ್ಬುಗಳು ಎದ್ದರು. ಹೆಗಲ ಮೇಲೆ ಬೈರಾಸು ಹಾಕಿಕೊಂಡು ಅಂಗಳ ದಾಟಿ ತೋಡಿನ ಕಡೆಗೆ ಇಳಿದು ಹೋದರು. ಅಲ್ಲಿ ಈಗ ಅವರದೆಂದು ಗದ್ದೆಯ ಒಂದು ಹುಣಿಯೂ ಇರಲಿಲ್ಲ. ಲಿಯೋನೆಲ್ ಮೆಲ್ಲಗೆ, ನೀವು ಬಸ್ಸು ಹಿಡಿಯಿರಿ, ಭಾವ ಈಗ ಮಾತಾಡುವುದಿಲ್ಲ ಎಂದ. ಗೇಟಿನ ತನಕ ಬಂದು, ಕೋಳಿ ಮಾತ್ರ ಸುಮ್ಮನೆ ಸತ್ತಿತು ಮಾರಾಯ್ರೇ ಎಂದು ನಗಲು ನೋಡಿದ. ನನಗೂ ಅವನಿಗೂ ನಗು ಬರಲಿಲ್ಲ.

ಆಮೇಲೆ ನಿಟ್ಟೆಯಿಂದ ಏನೂ ಸುದ್ದಿ ಬರಲಿಲ್ಲ. ಒಪ್ಪಿದರೆಂದೂ ಇಲ್ಲ, ಇಲ್ಲವೆಂದೂ ಇಲ್ಲ. ಮತ್ತೆ ಹೋಗಿ ಕೇಳಿದರೆ ಇದ್ದ ದಾರಿಯೂ ಮುಚ್ಚೀತು. ಅಕ್ಟೋಬರ್, ತೇರ್ಸದ ತಿಂಗಳು ಬಂತು, ಸಂಜೆ ಮನೆ ಮನೆಯಲ್ಲಿ ಜಪಮಾಲೆ ಹಿಡಿದು ತೇರ್ಸ ಪ್ರಾರ್ಥನೆ. ತೆರೆಸಾಬಾಯಿ ಒಂದು ಪ್ರಾರ್ಥನೆ ಮನೆ ಸಿಗಲಿ ಎಂದು ಹೇಳುತ್ತಿದ್ದಳು, ಇನ್ನೊಂದು ಸಿಗದಿರಲಿ ಎಂದು. ಯಾವುದನ್ನು ದೇವರು ಕೇಳುತ್ತಾನೋ ಅವನಿಗೇ ಬಿಟ್ಟಿದ್ದೇನೆ ಎಂದು ನನ್ನಲ್ಲಿ ಹೇಳಿದಳು. ಇಪ್ಪತ್ತು ವರ್ಷ ಎನ್ನುವುದು ಅವಳನ್ನು ತಿನ್ನುತ್ತಿತ್ತು. ಅಷ್ಟು ವರ್ಷ ಮಗನ ಆರೋಗ್ಯ ನಿಲ್ಲಬೇಕು, ಕೆಲಸ ನಿಲ್ಲಬೇಕು, ಆ ದೇಶ ನಿಲ್ಲಬೇಕು.

ಜೆರ್ಟ್ರೂಡ್ ಮಲ್ಲಿಗೆ ಕಟ್ಟುವಾಗ ಅವಳ ನಾರು ತುಂಡಾಗುತ್ತಿತ್ತು. ಮೊದಲು ಹಾಗೆ ಆಗುತ್ತಿರಲಿಲ್ಲ. ಅವಳ ಕೈ ಅಷ್ಟು ಹಗುರ. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ಎದ್ದು ನಿಲ್ಲುತ್ತಿದ್ದಳು, ಅವನು ದಾಟಿ ಹೋದ ಮೇಲೆ ಮತ್ತೆ ಕೂರುತ್ತಿದ್ದಳು. ಫೌಸ್ಟಿನ್‌ನ ಇನ್ನೊಂದು ಕಾಗದ ಬಂತು. ಬೇರೊಬ್ಬರು ಆ ಮನೆಯನ್ನು ನೋಡಿ ಹೋದರಂತೆ, ಅವರಿಗೂ ಸೊಸೈಟಿ ಸಾಲ ಕೊಡುತ್ತದಂತೆ. ನಿಟ್ಟೆಯಿಂದ ಏನಾಯಿತು ಎಂದು ಎರಡು ಕಡೆ ಬರೆದಿದ್ದ. ಆ ಕಾಗದವನ್ನು ಅವಳು ಗಟ್ಟಿಯಾಗಿ ಓದಲಿಲ್ಲ. ನನ್ನ ಕೈಗೆ ಕೊಟ್ಟಳು, ನನಗೆ ಓದು ಬಾರದೆಂದು ನೆನಪಾಗಿ ಹಿಂದೆ ತೆಗೆದುಕೊಂಡಳು.

ನವೆಂಬರಿನ ಸತ್ತವರ ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಹಿತ್ತಿಲಿನಲ್ಲಿ ಸೌತೆ ಬಳ್ಳಿಗೆ ನೀರು ಬಿಡುತ್ತಿದ್ದೆ. ಬೇಲಿಯ ಆಚೆ ತೆರೆಸಾಬಾಯಿಯ ದನಿ ಕೇಳಿತು, ಹೆದರಿದ ದನಿ. ಹೋಗಿ ನೋಡಿದರೆ ಅವಳ ಅಂಗಳದಲ್ಲಿ ಇಮ್ಯಾನುಯೆಲ್ ಪೊರ್ಬುಗಳು. ಜೊತೆಯಲ್ಲಿ ಲಿಯೋನೆಲ್.

ಅವರು ಕೂರಲಿಲ್ಲ. ಬಾವಿಗೆ ಬಗ್ಗಿ ನೋಡಿದರು. ಜಗಲಿಯ ಕಂಬವನ್ನು ಬೆರಳ ಗಂಟಿನಿಂದ ತಟ್ಟಿದರು. ಮಾಡಿನ ಹಂಚು ನೋಡಿದರು, ದನದ ಹಟ್ಟಿ ನೋಡಿದರು, ಮಲ್ಲಿಗೆಯ ಬುಡಗಳ ಸುತ್ತ ಒಂದು ಸುತ್ತು ಬಂದರು. ನನಗೆ ಅದು ಏನೆಂದು ತಕ್ಷಣ ತಿಳಿಯಿತು. ಮಗಳನ್ನು ಕೊಡುವ ಅಪ್ಪ ಮಾತು ಕೊಡುವ ಮೊದಲು ಗಂಡಿನ ಮನೆ ನೋಡಲು ಬರುವ ಕ್ರಮ ಇದು. ಸುದ್ದಿ ಕೊಡದೆ ಬರಬೇಕು. ಕೊಟ್ಟರೆ ಮನೆಯವರು ಸಾರಿಸಿ ಗುಡಿಸಿ ಇಡುತ್ತಾರೆ. ತೆರೆಸಾಬಾಯಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, ಕೊಳ್ಳುವ ಮನೆ ನೈರೋಬಿಯಲ್ಲಿ ಉಂಟು, ಇವರು ನನ್ನ ಹಟ್ಟಿಯನ್ನು ಯಾಕೆ ನೋಡುತ್ತಾರೆ ಎಂದು. ಸುಮ್ಮನಿರು ಎಂದೆ. ಹಟ್ಟಿಯಲ್ಲಿ ಹಿಂದಿನ ದಿನದ ಸೆಗಣಿ ಹಾಗೆಯೇ ಇತ್ತು.

ಕೊನೆಗೆ ಜಗಲಿಯಲ್ಲಿ ಕೂತರು. ಜೆರ್ಟ್ರೂಡ್ ನೀರು ಬೆಲ್ಲ ತಂದಿಟ್ಟು ಬಾಗಿಲಿನಲ್ಲಿ ನಿಂತಳು.

"ಬರುವಾಗ ಪೇಟೆಯಲ್ಲಿ ಶೇಕಬ್ಬನ ಅಂಗಡಿಗೆ ಹೋದೆ," ಎಂದರು ಪೊರ್ಬುಗಳು. "ಈ ಮನೆಯವರಿಗೆ ಸಾಲ ಇದ್ದರೆ ಹೇಗೆ ನಡೆದುಕೊಳ್ತಾರೆ ಅಂತ ಕೇಳಿದೆ. ಅವ ನಗಾಡಿದ."

ತೆರೆಸಾಬಾಯಿಯ ಮುಖ ಬಿಳಿಚಿತು. ಮಳೆಗಾಲದಲ್ಲಿ ಹೂ ಕಡಿಮೆ. ಆ ತಿಂಗಳುಗಳಲ್ಲಿ ಅಂಗಡಿಯಲ್ಲಿ ಸ್ವಲ್ಪ ಬಾಕಿ ನಿಲ್ಲುವುದಿತ್ತು.

ಪೊರ್ಬುಗಳು ಮುಂದುವರಿಸಿದರು: "ಬಾಕಿ ಇದ್ದ ತಿಂಗಳು ತೆರೆಸಾಬಾಯಿ ನನ್ನ ಅಂಗಡಿಯ ಎದುರು ಬರುವುದೇ ಇಲ್ಲ, ಗದ್ದೆಯ ಹುಣಿಯಲ್ಲಿ ಸುತ್ತು ಹೊಡೆದು ಇಗರ್ಜಿಗೆ ಹೋಗ್ತಾರೆ, ಕೊಟ್ಟು ಮುಗಿಸಿದ ಮರುದಿನ ನೇರ ದಾರಿಯಲ್ಲಿ ತಲೆ ಎತ್ತಿ ಬರ್ತಾರೆ ಅಂತ ಹೇಳಿದ. ಹೌದಾ ಬಾಯಿ?"

ತೆರೆಸಾಬಾಯಿಗೆ ನೆಲ ಬಾಯಿ ಬಿಟ್ಟರೆ ಸಾಕೆಂದು ಆಗಿತ್ತು. "ನಾಚಿಕೆ ಆಗ್ತದೆ ಪೊರ್ಬುಗಳೇ," ಎಂದಳು. "ಕೊಡಬೇಕಾದವರ ಮುಖ ನೋಡುವುದು ಹೇಗೆ?"

ಪೊರ್ಬುಗಳು ಬೆಲ್ಲದ ತುಂಡು ಬಾಯಿಗೆ ಹಾಕಿ ನೀರು ಕುಡಿದರು. ಆಮೇಲೆ ಹೇಳಿದರು: "ನನ್ನ ದಾಯಾದಿ ಉಂಟಲ್ಲ, ಲಾರಿಯವ. ಸಾಲ ಇಟ್ಟುಕೊಂಡೇ ದಿನಾ ನನ್ನ ಗೇಟಿನ ಎದುರು ಹಾರ್ನ್ ಹೊಡೆದು ಹೋಗ್ತಿದ್ದ."

ಲಿಯೋನೆಲ್ ನೆಲ ನೋಡಿ ನಕ್ಕ. ಪೊರ್ಬುಗಳು ಎಲೆ ತಟ್ಟೆ ತರಲು ಹೇಳಿದರು. ಜೆರ್ಟ್ರೂಡ್ ತಂದು ನಡುವೆ ಇಟ್ಟಳು. ಅವರು ನನ್ನ ಕಡೆ ತಿರುಗಿ ಕೂತರು.

"ಈಗ ಹೇಳಿ ರೈಬಾರಿ. ಅಂದು ಊಟ ಮಾಡಿದ್ದೀರಿ, ಮಾತು ಹೇಳದೆ ಹೋಗಿದ್ದೀರಿ. ನನ್ನ ಮಗಳನ್ನು ಯಾವ ಮನೆಗೆ ಕೇಳ್ತಿದ್ದೀರಿ?"

"ಇನ್ನೂ ಕೈಗೆ ಬಾರದ ಮನೆಗೆ," ಎಂದೆ. "ಬಂದ ಮೇಲೂ ಇಪ್ಪತ್ತು ವರ್ಷ ಪೂರ್ತಿ ನಮ್ಮದಲ್ಲದ ಮನೆಗೆ."

ಮಗು ಪೊರ್ಬುಗಳ ಮೊಣಕಾಲಿನ ಹತ್ತಿರ ಬಂದು ನಿಂತು ಅವರ ಊರುಗೋಲು ಮುಟ್ಟಿ ನೋಡುತ್ತಿತ್ತು. ಅವರು ಅದನ್ನು ಓಡಿಸಲಿಲ್ಲ.

"ಒಂದು ಮಾತು," ಎಂದು ಜೆರ್ಟ್ರೂಡ್‌ಳಿಗೆ ಹೇಳಿದರು. "ಅಲ್ಲಿ ಅವಳಿಗೆ ಯಾರಾದರೂ ಗಂಡು ಬಂದರೆ ನಿನ್ನ ಗಂಡ ನನಗೆ ಬರೆಯಬೇಕು. ಬಾಡಿಗೆ ನಿಂತೀತು ಅಂತ ಅವಳನ್ನು ಕಟ್ಟಿ ಹಾಕಬಾರದು."

"ಬರೆಸುತ್ತೇನೆ," ಎಂದಳು ಜೆರ್ಟ್ರೂಡ್. "ಅವರು ಬರೆಯದಿದ್ದರೆ ನಾನೇ ಬರೆಯುತ್ತೇನೆ."

ಪೊರ್ಬುಗಳು ತಟ್ಟೆಯ ಮೇಲೆ ಕೈ ಇಟ್ಟರು. "ಉತರ್ ಕೊಟ್ಟೆ," ಎಂದರು. ಉತರ್ ಎಂದರೆ ಮಾತು. ನಮ್ಮಲ್ಲಿ ಹೆಣ್ಣು ಕೊಡುವಾಗ ಹೇಳುವ ಮಾತು ಅದು. ಸಾಲಕ್ಕೆ ಯಾರೂ ಅದನ್ನು ಹೇಳಿದ್ದನ್ನು ನಾನು ಕೇಳಿರಲಿಲ್ಲ. ನಾನು ಎಲೆಯೊಂದನ್ನು ಮಡಚಿ ಕೊಟ್ಟೆ, ಅವರು ತೆಗೆದುಕೊಂಡರು.

ಅಂದೇ ಮಧ್ಯಾಹ್ನ ನಾವು ಮೂವರೂ ಉಡುಪಿಗೆ ಹೋಗಿ ಅಲೆಕ್ಸಾಂಡರನಿಗೆ ತಂತಿ ಕೊಟ್ಟೆವು. ಅಂಚೆಯ ಗುಮಾಸ್ತರು ಏನು ಬರೆಯಲಿ ಎಂದು ಕೇಳಿದರು. ಸಹಿ ಹಾಕು, ಅಪ್ಪ, ಅಷ್ಟೇ ಎಂದರು ಪೊರ್ಬುಗಳು. ಹೊರಗೆ ಬಂದ ಮೇಲೆ ಮೆಟ್ಟಿಲಿನಲ್ಲಿ ನಿಂತು ಒಮ್ಮೆ ಹಿಂದೆ ನೋಡಿದರು. ತಂತಿಯನ್ನು ವಾಪಸು ಕೇಳುತ್ತಾರೋ ಎಂದು ನನಗೆ ಹೆದರಿಕೆಯಾಯಿತು. ಲಿಯೋನೆಲ್ ಅವರ ತೋಳು ಹಿಡಿದು ಕಾಫಿ ಕುಡಿಯಲು ಕರೆದುಕೊಂಡು ಹೋದ.

ತಂತಿ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಅಡ್ವೆಂಟ್ ಸುರುವಾಯಿತು. ಮೊದಲ ಆದಿತ್ಯವಾರ ಕಳೆಯಿತು, ಕಾಗದವಿಲ್ಲ. ಮಾರುವವನ ಹಡಗು ಹೋಗಿರಬೇಕು, ಮನೆ ಯಾರ ಕೈಗೆ ಹೋಯಿತು ಎಂದು ನಾವು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ತೆರೆಸಾಬಾಯಿ ಎರಡನೆಯ ಪ್ರಾರ್ಥನೆ ಹೇಳುವುದನ್ನು ನಿಲ್ಲಿಸಿದ್ದಳು. ಇನ್ನೊಂದು ಆದಿತ್ಯವಾರವೂ ಕಳೆದ ಮೇಲೆ ನೀಲಿ ಕಾಗದ ಬಂತು. ಜೆರ್ಟ್ರೂಡ್ ಅದನ್ನು ಒಡೆಯದೆ ಸ್ವಲ್ಪ ಹೊತ್ತು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಓದಿದಳು. ಅಲೆಕ್ಸಾಂಡರ್ ಸಹಿ ಹಾಕಿದ್ದಾನೆ, ಮನೆಯ ಬೀಗದ ಕೈ ಫೌಸ್ಟಿನ್‌ನ ಕೈಗೆ ಬಂದಿದೆ. ಮನೆ ನೋಡಿ ಹೋದ ಇನ್ನೊಬ್ಬನಿಗೆ ಕೊನೆಯ ತನಕ ಜಾಮೀನು ಸಿಗಲಿಲ್ಲವಂತೆ.

ಅವಳು ಬಿದ್ದಿದ್ದ ಮೊಗ್ಗುಗಳನ್ನು ಹೆಕ್ಕಿ ಕಟ್ಟಲು ಕೂತಳು. ಅವತ್ತು ನಾರು ತುಂಡಾಗಲಿಲ್ಲ.

ಆಮೇಲೆ ಪರ್ಮಿಟ್ ಎಂದು, ಸೂಜಿ ಹಾಕಿಸುವುದೆಂದು, ಹಡಗಿನ ಟಿಕೆಟ್ ಎಂದು ತಿಂಗಳುಗಳು ಹೋದವು. ಮಳೆ ಹಿಡಿದರೆ ಮಂಗಳೂರಿನಿಂದ ಬೊಂಬಾಯಿಗೆ ಹೋಗುವ ಹಡಗು ನಿಲ್ಲುತ್ತದೆ, ಅದಕ್ಕೆ ಮೊದಲೇ ಹೊರಡಬೇಕು ಎಂದು ಎಲ್ಲರಿಗೂ ಅವಸರ. ಹೊರಡುವ ದಿನ ಮಗು ಅಂಗಳ ದಾಟಲು ಒಪ್ಪಲಿಲ್ಲ. ಪಪ್ಪನನ್ನು ಬಿಟ್ಟು ಬರುವುದಿಲ್ಲ ಎಂದು ಗೋಡೆಯ ಫೋಟೋ ತೋರಿಸಿ ಅತ್ತಿತು. ಪಪ್ಪನಲ್ಲಿಗೇ ಹೋಗುವುದು ಎಂದರೆ ಅದಕ್ಕೆ ಅರ್ಥವಾಗಲಿಲ್ಲ. ಕೊನೆಗೆ ಜೆರ್ಟ್ರೂಡ್ ಫೋಟೋ ಇಳಿಸಿ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು. ಗೋಡೆಯಲ್ಲಿ ಅದರ ಜಾಗ ಬಿಳಿಯಾಗಿ ಉಳಿಯಿತು.

ಕಾಪುವಿನಲ್ಲಿ ಸೋಫಿಯಾ ತನ್ನ ಅಪ್ಪ ಮತ್ತು ಲಿಯೋನೆಲ್ ಜೊತೆ ಕಾದು ನಿಂತಿದ್ದಳು. ಶೇಕಬ್ಬ ಬಸ್ಸಿನ ಮೇಲೆ ಟ್ರಂಕು ಏರಿಸಿ, ಅಡುಗೆಗೆ ಬೇಕಾದೀತು ಎಂದು ಒಂದು ಕಟ್ಟು ಒಣಮೀನನ್ನೂ ಸೇರಿಸಿ ಕಟ್ಟಿದ. ಹಡಗಿನವರು ಸಮುದ್ರಕ್ಕೆ ಬಿಸಾಡಿಯಾರು ಎಂದು ಲಿಯೋನೆಲ್ ಗೇಲಿ ಮಾಡಿದ. ಪೊರ್ಬುಗಳು ಮಗಳ ಹಣೆಯ ಮೇಲೆ ಶಿಲುಬೆಯ ಗುರುತು ಎಳೆದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಹೋಗಿ, "ತಿಂಗಳ ಮೊದಲ ವಾರದಲ್ಲೇ ಕಟ್ಟಿಬಿಡಿ, ಕೊನೆಗೆ ಇಡಬೇಡಿ," ಎಂದಷ್ಟೇ ಹೇಳಿದರು. ಸೋಫಿಯಾ ತಲೆಯಾಡಿಸಿದಳು. ಅವಳ ಪಕ್ಕದಲ್ಲಿ ಜೆರ್ಟ್ರೂಡ್ ತಿರುಗಿ ತೆರೆಸಾಬಾಯಿಯನ್ನೂ ನನ್ನನ್ನೂ ನೋಡುತ್ತಿದ್ದಳು, ಬಸ್ಸು ದೀಪಸ್ತಂಭದ ತಿರುವು ದಾಟುವ ತನಕ.

ಜೆರ್ಟ್ರೂಡ್, ಅವಳ ಮಗು, ನಿಟ್ಟೆಯ ಸೋಫಿಯಾ, ಹೀಗೆ ಮೂವರು ಹೋದರು. ಐವತ್ತೊಂಬತ್ತನೆಯ ಇಸವಿ, ಮೇ ತಿಂಗಳು, ಗುರುವಾರ.